ಹೆರಾಲ್ಡ್ ಕಾಲಿನ ಸ್ಪಿಟ್‌ಫೈರ್: ಮೈಸೂರಿನಲ್ಲಿ ಕೂತು ಹಳೆಯ ಸ್ಪೋರ್ಟ್ಸ್ ಕಾರಿನ ಸಸ್ಪೆನ್ಷನ್ ಭಾಗಗಳನ್ನು ಹುಡುಕುವ ಬಗೆ

ಬಾನೆಟ್ ಎತ್ತಿದ್ದೇ ತಡ, ಮಂಡಿ ಮೊಹಲ್ಲಾದ ಆ ಹಿರಿಯ ಮೆಕ್ಯಾನಿಕ್ ಬಗ್ಗಿ ಮುಂದಿನ ಚಕ್ರದ ಹಿಂಬದಿಗೆ ಟಾರ್ಚ್ ಬಿಟ್ಟರು. ಒಂದು ನಿಮಿಷ ಮಾತಿಲ್ಲ. ಆಮೇಲೆ, "ಸಾರ್, ಇದು ಹೆರಾಲ್ಡ್ ಕಾಲು. ಇದಕ್ಕೆ ಇಂಗ್ಲೆಂಡಿಗೆ ಏಕೆ ಕಾಗದ ಬರೆಯುತ್ತಿದ್ದೀರಿ?" ಎಂದರು.

ಕಾಲು ಎಂದರೆ ಸಸ್ಪೆನ್ಷನ್, ಚಕ್ರವನ್ನು ಗಾಡಿಗೆ ಹಿಡಿದಿಟ್ಟು ರಸ್ತೆಯ ಕುಲುಕು ತಡೆಯುವ ಏರ್ಪಾಡು. ಹೆರಾಲ್ಡ್ ಹಳೆಯ ಕಾಲದ ಇನ್ನೊಂದು ಕಾರು. ಭಾಗಗಳಿಗಾಗಿ ನಾನು ಎಂಟು ತಿಂಗಳಿನಿಂದ ಬರೆಯುತ್ತಲೇ ಇದ್ದೆ. ನನ್ನದು ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3. ಎರಡೇ ಸೀಟು, ಬಟ್ಟೆಯ ಮಾಡು, ಮೊಣಕಾಲೆತ್ತರದ ಕಾರು. ಚಾಮುಂಡಿ ಬೆಟ್ಟ ಇಳಿಯುವಾಗ ನಂದಿಯ ಹತ್ತಿರದ ತಿರುವಿನಲ್ಲಿ ಎಡಗಡೆಯ ಮುಂದಿನ ಚಕ್ರದಿಂದ ಕಟಕ್ ಎಂಬ ಸದ್ದು ಬರತೊಡಗಿದ ದಿನದಿಂದ ಗಾಡಿಯನ್ನು ಶೆಡ್ಡಿನಿಂದ ಹೊರಗೆ ತೆಗೆದಿರಲಿಲ್ಲ. ಬಿಡಿಭಾಗದ ಅಂಗಡಿಗಳಲ್ಲಿ "ಸ್ಪಿಟ್‌ಫೈರ್" ಎಂದರೆ ಪಟಾಕಿಯ ಹೆಸರು ಕೇಳಿದವರ ಹಾಗೆ ನನ್ನ ಮುಖ ನೋಡುತ್ತಿದ್ದರು. ಆ ಹಿರಿಯರ ಒಂದು ಮಾತಿನಿಂದ ಹುಡುಕಾಟದ ದಿಕ್ಕೇ ಬದಲಾಯಿತು. ಇಂಥ ಕಾರನ್ನು ಇಟ್ಟುಕೊಂಡು ನನ್ನಂತೆಯೇ ಒದ್ದಾಡುತ್ತಿರುವವರಿಗಾಗಿ, ನಾನು ದಾರಿ ತಪ್ಪಿದ ಕಡೆಗಳನ್ನೂ ಸೇರಿಸಿ, ಹುಡುಕಾಟದ ಕ್ರಮವನ್ನು ಬರೆಯುತ್ತಿದ್ದೇನೆ. ಉದಾಹರಣೆ ಸ್ಪಿಟ್‌ಫೈರಿನದು. ಬೇರೆ ಕಾರಿನವರಿಗೆ ಹೆಸರುಗಳು ಬದಲಾಗುತ್ತವೆ, ಕ್ರಮ ಅಷ್ಟಾಗಿ ಬದಲಾಗುವುದಿಲ್ಲ.

ಮೊದಲು ಕಾರಿನ ನಂಟರು ಯಾರೆಂದು ತಿಳಿಯಿರಿ

ಕಡಿಮೆ ಸಂಖ್ಯೆಯಲ್ಲಿ ತಯಾರಾಗುವ ಸ್ಪೋರ್ಟ್ಸ್ ಕಾರಿಗೆಂದು ಪ್ರತ್ಯೇಕವಾಗಿ ಸಸ್ಪೆನ್ಷನ್ ರೂಪಿಸುವಷ್ಟು ಹಣ ಬ್ರಿಟಿಷ್ ಕಂಪನಿಗಳ ಬಳಿ ಇರುತ್ತಿದ್ದುದು ಅಪರೂಪ. ಮನೆಮಂದಿಯ ಕಾರಿನಿಂದ ಕಾಲು ಕಡ ತಂದು, ಮೇಲೆ ಚೆಂದದ ಮೈ ಕೂರಿಸುತ್ತಿದ್ದರು. 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡ್ ಅಂಥ ಮನೆಮಂದಿಯ ಕಾರು. ಅದರ ಚಾಸಿಯನ್ನು (ಅಡಿಯ ಉಕ್ಕಿನ ಚೌಕಟ್ಟನ್ನು) ಗಿಡ್ಡ ಮಾಡಿ, ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರವಾದ 91.5 ಇಂಚಿನ ವೀಲ್‌ಬೇಸನ್ನು 83 ಇಂಚಿಗೆ ಇಳಿಸಿ, 1962ರಲ್ಲಿ ಸ್ಪಿಟ್‌ಫೈರ್ ತಂದರು. ಎರಡರ ಮೈಯನ್ನೂ ರೂಪಿಸಿದವನು ಇಟಲಿಯ ಜಿಯೊವಾನ್ನಿ ಮಿಕೆಲೊಟ್ಟಿ. ಮುಂದೆ ಎರಡು ವಿಶ್‌ಬೋನ್ (ಚಕ್ರವನ್ನು ಚಾಸಿಗೆ ಹಿಡಿಯುವ ಕವಲು ತೋಳು), ನಡುವೆ ಸುರುಳಿಯಾದ ಕಾಯಿಲ್ ಸ್ಪ್ರಿಂಗು, ಹಿಂದೆ ಅಡ್ಡಲಾಗಿ ಕೂತ, ಉಕ್ಕಿನ ಪಟ್ಟಿಗಳನ್ನು ಕಟ್ಟಿದ ಒಂದೇ ಲೀಫ್ ಸ್ಪ್ರಿಂಗು: ಈ ಏರ್ಪಾಡು ಹೆರಾಲ್ಡಿನಿಂದ ಬಂದದ್ದು.

ನಮ್ಮ ಅದೃಷ್ಟಕ್ಕೆ ಅದೇ ಹೆರಾಲ್ಡ್ 1961ರಿಂದ ಮದ್ರಾಸಿನಲ್ಲಿ, ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಾರ್ಖಾನೆಯಲ್ಲಿ ತಯಾರಾಯಿತು. ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ದಕ್ಷಿಣ ಭಾರತದ ಊರೂರಿನಲ್ಲೂ ಓಡಾಡಿತು. ಅರವತ್ತು ದಾಟಿದ ಮೈಸೂರಿನವರಲ್ಲಿ ಕೇಳಿ ನೋಡಿ, ಯಾರಾದರೂ ಡಾಕ್ಟರರ ಮನೆಯ ಮುಂದೆಯೋ ಪ್ರೊಫೆಸರರ ಮನೆಯ ಮುಂದೆಯೋ ಅದು ನಿಂತಿದ್ದುದು ಅವರಿಗೆ ನೆನಪಿರುತ್ತದೆ. ಅದನ್ನು ರಿಪೇರಿ ಮಾಡಿದ ಕೈಗಳು ಇನ್ನೂ ಕೆಲವು ಉಳಿದಿವೆ. ಆಗ ಕೊಂಡು ಮಿಕ್ಕಿದ ಭಾಗಗಳು ಯಾವುದೋ ಅಟ್ಟದಲ್ಲಿ ಎಣ್ಣೆ ಕಾಗದದೊಳಗೆ ಮಲಗಿವೆ.

ಆದ್ದರಿಂದ ಮೊದಲನೆಯ ಕೆಲಸವಾಗಿ ಒಂದು ಹಾಳೆಯ ಮೇಲೆ ನಿಮ್ಮ ಕಾರಿನ ವಂಶಾವಳಿ ಬರೆಯಿರಿ. ಲೋಟಸ್ ಇಲಾನ್, ಲೋಟಸ್ ಯುರೋಪಾ ಕಾರುಗಳ ಮುಂದಿನ ಚಕ್ರ ಹಿಡಿದಿರುವ ಉಕ್ಕಿನ ಕಂಬವೂ ಟ್ರಯಂಫ್ ಮನೆಯದೇ ಎಂದರೆ ಈ ನಂಟಸ್ತಿಕೆ ಎಲ್ಲಿಯವರೆಗೆ ಹರಡಿದೆ ಎಂದು ಊಹಿಸಬಹುದು. ಫಿಯಾಟ್ 1100 ಟಿವಿ ಟ್ರಾಸ್‌ಫಾರ್ಮಾಬಿಲೆಯಂಥ ತೆರೆದ ಕಾರು ನಿಮ್ಮಲ್ಲಿದ್ದರೆ ನಮ್ಮ ಪದ್ಮಿನಿಯ ಮನೆತನದ ಕಡೆಗೆ ನೋಡಬೇಕು. ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನವರ ಕಥೆ ಬೇರೆ: ಅಲ್ಲಿ ಮುಂದಿನ ಲಿವರ್ ಮಾದರಿಯ ಶಾಕ್ ಅಬ್ಸಾರ್ಬರಿನ ತೋಳೇ ಮೇಲಿನ ವಿಶ್‌ಬೋನಿನ ಕೆಲಸವನ್ನೂ ಮಾಡುತ್ತದೆ. ಅದನ್ನು ಬಿಚ್ಚಿ ಸರಿಪಡಿಸಬಹುದಾದ್ದರಿಂದ ನಿಮ್ಮ ಹಳೆಯದನ್ನು ಯಾವ ಕಾರಣಕ್ಕೂ ಎಸೆಯಬೇಡಿ.

ಕಾರಿನ ಗುರುತು ಪತ್ತೆ

"ಸ್ಪಿಟ್‌ಫೈರ್" ಎಂಬುದಿಷ್ಟೇ ಗೊತ್ತಿದ್ದರೆ ಸಾಲದು. 1962ರಿಂದ 1980ರವರೆಗೆ ಐದು ರೂಪದಲ್ಲಿ ಬಂದ ಕಾರು ಅದು. ಬಾನೆಟ್ ಕೆಳಗಿನ ಕಮಿಷನ್ ಪ್ಲೇಟ್ (ಕಾರಿನ ಸಂಖ್ಯೆ ಬರೆದ ತಗಡು) ಓದಿ. ಸಂಖ್ಯೆ ಎಫ್‌ಸಿ ಎಂದು ಶುರುವಾದರೆ ಮಾರ್ಕ್ 1 ಅಥವಾ 2, ಎಫ್‌ಡಿ ಎಂದಿದ್ದರೆ ಮಾರ್ಕ್ 3, ಎಫ್‌ಎಚ್ ಎಂದಿದ್ದರೆ ಮಾರ್ಕ್ 4 ಅಥವಾ 1500. ಇದು ಏಕೆ ಮುಖ್ಯವೆಂದರೆ, 1970ರ ಕೊನೆಯಲ್ಲಿ ಬಂದ ಮಾರ್ಕ್ 4ರಿಂದ ಹಿಂದಿನ ಲೀಫ್ ಸ್ಪ್ರಿಂಗಿನ ಸ್ವಭಾವವೇ ಬದಲಾಯಿತು. ಹಳೆಯದರಲ್ಲಿ ಪಟ್ಟಿಗಳ ಕಟ್ಟು ಪೂರ್ತಿಯಾಗಿ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಮೇಲೆ ಬಿಗಿದಿರುತ್ತದೆ. ಹೊಸದರಲ್ಲಿ ಕೆಳಗಿನ ಪಟ್ಟಿಯೊಂದನ್ನು ಮಾತ್ರ ಬಿಗಿದು, ಉಳಿದ ಪಟ್ಟಿಗಳು ನಡುವಿನಲ್ಲಿ ತೂಗುತ್ತವೆ. ಹಳೆಯ ಕಾರಿಗೆ ಹೊಸ ಸ್ಪ್ರಿಂಗು ಹಾಕುವವರಿದ್ದಾರೆ, ತಿರುವಿನಲ್ಲಿ ಅದು ಹೆಚ್ಚು ಸುರಕ್ಷಿತವೂ ಹೌದು. ಆದರೆ ಆಗ ಮುಂದಿನ ಆಂಟಿ ರೋಲ್ ಬಾರನ್ನೂ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳನ್ನೂ) ದಪ್ಪದ್ದಕ್ಕೆ ಬದಲಿಸಬೇಕು, ಮತ್ತು ಅದು ನಿಮ್ಮ ಕಾರಿನ ಮೂಲ ರೂಪವಾಗಿ ಉಳಿಯುವುದಿಲ್ಲ.

ಹಿಂದಿನ ಮಾಲೀಕರು ಎಂಜಿನ್ನನ್ನೋ ಪ್ಲೇಟನ್ನೋ ಬದಲಿಸಿದ ಅನುಮಾನವಿದ್ದರೆ, ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕಾರ್ಖಾನೆಯ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ಶುಲ್ಕವುಂಟು. ನಾನು ತರಿಸಿಕೊಂಡೆ, ಕಾರಿನ ಮೂಲ ಬಣ್ಣ ನಾನು ಅಂದುಕೊಂಡದ್ದಲ್ಲ ಎಂಬುದೂ ಅದರಿಂದಲೇ ತಿಳಿಯಿತು. ಮನೆಯಲ್ಲಿ ಅದನ್ನು ಯಾರಿಗೂ ಹೇಳಿಲ್ಲ.

ಮೂಲ ರೂಪದ ಮಾತಿಗೆ ಕಾನೂನಿನ ತೂಕವೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇಟ್ಟುಕೊಂಡ ವಾಹನಕ್ಕೆ ವಿಎ ಅಕ್ಷರಗಳಿರುವ ಬೇರೆ ನೋಂದಣಿ ಸಿಗುತ್ತದೆ. ಅಲ್ಲಿ ಪರಿಶೀಲಿಸುವವರು ಮುಖ್ಯವಾಗಿ ಚಾಸಿ, ಮೈ, ಎಂಜಿನ್ ನೋಡುತ್ತಾರೆ. ಆದರೂ ಸಸ್ಪೆನ್ಷನ್ ಕೂರಿಸಲೆಂದು ಚಾಸಿಯನ್ನು ಕತ್ತರಿಸಿ ಬೆಸುಗೆ ಹಾಕಿದರೆ ಪೇಚಿಗೆ ಸಿಕ್ಕಿಕೊಳ್ಳುತ್ತೀರಿ.

ಏನು ಹೋಗಿದೆ ಎಂದು ನೋಡಿ, ಆಮೇಲೆ ಹುಡುಕಲು ಹೊರಡಿ

ಸ್ಪಿಟ್‌ಫೈರಿನ ಇಡೀ ಮೂತಿ ಮುಂದಕ್ಕೆ ಮಡಚಿಕೊಳ್ಳುವುದರಿಂದ ಮುಂದಿನ ಸಸ್ಪೆನ್ಷನ್ನನ್ನು ಟೈರಿನ ಮೇಲೆ ಕೂತು ಕಾಫಿ ಕುಡಿಯುತ್ತಲೇ ಪರೀಕ್ಷಿಸಬಹುದು. ಇಷ್ಟು ಅನುಕೂಲವಿದ್ದೂ ಜನ ನೋಡುವುದಿಲ್ಲ ಎಂಬುದೇ ಸೋಜಿಗ.

ಜಾಕಿ ಕೊಟ್ಟು, ಕೆಳಗೆ ಗಟ್ಟಿಯಾದ ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಸಡಿಲ ಕಂಡರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿ. ಬ್ರೇಕ್ ಒತ್ತಿದಾಗ ಸಡಿಲ ಮಾಯವಾದರೆ ಅದು ವೀಲ್ ಬೇರಿಂಗಿನದು. ಹಾಗೆಯೇ ಉಳಿದರೆ ಮೇಲಿನ ಬಾಲ್ ಜಾಯಿಂಟ್ (ಗುಂಡಿನಂಥ ಕೀಲು) ಅಥವಾ ಕೆಳಗಿನ ಟ್ರನಿಯನ್ನಿನದು, ಅದರ ವಿವರ ಮುಂದೆ ಬರುತ್ತದೆ. ಚಕ್ರವನ್ನು ಎಡಬಲಕ್ಕೆ ಹಿಡಿದು ಅಲುಗಿಸಿದಾಗ ಸಡಿಲ ಸಿಕ್ಕರೆ ಸ್ಟೀರಿಂಗ್ ರಾಡಿನ ತುದಿ, ಆ ರಾಡನ್ನು ಎಡಬಲಕ್ಕೆ ಎಳೆಯುವ ರ‍್ಯಾಕ್ ಹಿಡಿದಿರುವ ರಬ್ಬರು ನೋಡಿ. ಹಿಂದೆ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿದ ಕಾರಿನ ಚಕ್ರಗಳ ಮೇಲುಭಾಗ ಒಳಕ್ಕೆ ವಾಲಿದ್ದರೆ ಲೀಫ್ ಸ್ಪ್ರಿಂಗು ಕುಸಿದಿದೆ. ಎರಡೂ ಬದಿಯಲ್ಲಿ ಹಬ್ಬಿನ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿದು ಅಳತೆ ಬರೆದಿಟ್ಟುಕೊಳ್ಳಿ. ಸ್ಪ್ರಿಂಗು ಹಾಕಿದ ಮೇಲೆ ಹೋಲಿಸಲು ಬೇಕಾಗುತ್ತದೆ.

ಟ್ರನಿಯನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮುಂದಿನ ಚಕ್ರ ಹಿಡಿದಿರುವ ಉಕ್ಕಿನ ಕಂಬದ (ಅದಕ್ಕೆ ವರ್ಟಿಕಲ್ ಲಿಂಕ್ ಎನ್ನುತ್ತಾರೆ) ಕೆಳತುದಿಯಲ್ಲಿ ಥ್ರೆಡ್ ಇದೆ. ಅದು ಕಂಚಿನ ಒಂದು ಗಟ್ಟಿಯೊಳಗೆ ತಿರುಪಿನಂತೆ ಕೂತಿರುತ್ತದೆ. ನೀವು ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಆ ತಿರುಪು ಕಂಚಿನೊಳಗೆ ಸ್ವಲ್ಪ ಹೊರಳುತ್ತದೆ. ಆ ಕಂಚಿನ ಗಟ್ಟಿಯೇ ಟ್ರನಿಯನ್. ಅದಕ್ಕೆ ಹಾಕಬೇಕಾದದ್ದು ಗೇರ್ ಎಣ್ಣೆ, ಇಪಿ 90. ಗ್ರೀಸ್ ಅಲ್ಲ. ಗ್ರೀಸ್ ತುಂಬಿದರೆ ಅದು ಒಳಗೆ ಗಟ್ಟಿಯಾಗಿ ದಾರಿ ಮುಚ್ಚುತ್ತದೆ, ನೀರು ಸೇರಿ ಉಕ್ಕು ತುಕ್ಕು ಹಿಡಿಯುತ್ತದೆ, ಒಂದು ದಿನ ಕಂಬ ಥ್ರೆಡ್ಡಿನ ಬುಡದಲ್ಲಿ ಮುರಿದು ಚಕ್ರ ಮಡ್‌ಗಾರ್ಡಿನೊಳಕ್ಕೆ ಮಡಚಿಕೊಳ್ಳುತ್ತದೆ. ಗ್ರೀಸ್ ನಿಪ್ಪಲ್ ಕಂಡಲ್ಲಿ ಗ್ರೀಸ್ ಗನ್ ಹಿಡಿಯುವುದು ನಮ್ಮ ಗ್ಯಾರೇಜುಗಳ ಕೈಗುಣ. ನನ್ನ ಕಾರಿಗೂ ಹಿಂದೆ ಒಂದು ಗ್ಯಾರೇಜಿನಲ್ಲಿ ಹಾಗೆಯೇ ಆಗಿತ್ತು. ಬಿಚ್ಚಿದಾಗ ಒಳಗಿಂದ ಬಂದದ್ದು ಹಳೆಯ ಕುಂಕುಮದ ಬಣ್ಣದ ಹಿಟ್ಟು.

ಇದರಿಂದ ಹುಡುಕಾಟಕ್ಕೆ ಬರುವ ಪಾಠವೆಂದರೆ, ಟ್ರನಿಯನ್ ಒಂದನ್ನೇ ಹೊಸದಾಗಿ ತಂದು ಸವೆದ ಕಂಬಕ್ಕೆ ತಿರುಗಿಸಿದರೆ ಹಣ ದಂಡ. ಜೋಡಿಯಾಗಿ ಹುಡುಕಬೇಕು. ಇನ್ನೊಂದು ವಿಷಯ: ಎಡಬದಿ ಮತ್ತು ಬಲಬದಿಯ ಥ್ರೆಡ್‌ಗಳು ತದ್ವಿರುದ್ಧ, ಒಂದು ಬಲಕ್ಕೆ ತಿರುಗಿದರೆ ಮತ್ತೊಂದು ಎಡಕ್ಕೆ. ಬಿಚ್ಚುವ ಮುನ್ನವೇ ಬಣ್ಣದಿಂದ ಗುರುತು ಮಾಡಿ.

ಏನನ್ನು ಮೂಲದ್ದೇ ತರಬೇಕು, ಎಲ್ಲಿ ಸಡಿಲ ಬಿಡಬಹುದು

"ಎಲ್ಲವೂ ಒರಿಜಿನಲ್ ಆಗಬೇಕು" ಎಂದು ಹಠ ಹಿಡಿಯುವವರನ್ನು ಕಂಡರೆ ನನಗೆ ಗೌರವಕ್ಕಿಂತ ಮರುಕ ಹೆಚ್ಚು. ರಬ್ಬರಿನ ವಿಷಯದಲ್ಲಿ ಆ ಹಠ ಅಪಾಯ. 1968ರಲ್ಲಿ ತಯಾರಾಗಿ ಡಬ್ಬಿಯಲ್ಲೇ ಉಳಿದ ಬುಶ್ (ಕೀಲಿನೊಳಗಿನ ರಬ್ಬರಿನ ಬಳೆ) ನೋಡಲು ಹೊಸದು, ಒಳಗೆ ಸತ್ತಿರುತ್ತದೆ. ಡಬ್ಬಿಯ ಚೆಂದ ನೋಡಿ ಅದನ್ನು ಕೊಂಡು, ಆರು ತಿಂಗಳಲ್ಲಿ ಮತ್ತೆ ಅದೇ ಬೋಲ್ಟು ಬಿಚ್ಚಿದವನು ನಾನು. ಬುಶ್ ಯಾವಾಗಲೂ ಇತ್ತೀಚೆಗೆ ತಯಾರಾದದ್ದೇ ಇರಲಿ. ಪಾಲಿಯುರೆಥೇನ್ ಬುಶ್ ಬಾಳಿಕೆ ಬರುತ್ತದೆ, ಆದರೆ ನಮ್ಮ ಬಡಾವಣೆಗಳ ರಸ್ತೆ ಉಬ್ಬುಗಳ ಮೇಲೆ ಹಲ್ಲು ಕಟಕಟಿಸುತ್ತದೆ. ನಾನು ಎಲ್ಲ ಕಡೆಯೂ ರಬ್ಬರನ್ನೇ ಹಾಕಿದ್ದೇನೆ.

ವೀಲ್ ಬೇರಿಂಗಿಗೆ ಇಂಗ್ಲೆಂಡಿನ ಹೆಸರು ಬೇಕಾಗಿಯೇ ಇಲ್ಲ. ಟೇಪರ್ ರೋಲರ್ ಬೇರಿಂಗಿನ ಅಂಚಿನಲ್ಲಿ ಸಂಖ್ಯೆ ಕೊರೆದಿರುತ್ತದೆ. ಒರೆಸಿ, ಓದಿ, ಬೇರಿಂಗ್ ಅಂಗಡಿಯಲ್ಲಿ ಹೇಳಿ, ಒಳ್ಳೆಯ ಕಂಪನಿಯದು ಕೊಂಡು ಮನೆಗೆ ಬನ್ನಿ. ಶಾಕ್ ಅಬ್ಸಾರ್ಬರ್ ಮೂಲದಲ್ಲಿ ಮುಚ್ಚಿ ಬೆಸೆದ ಕೊಳವೆ, ಒಳಗಿನದನ್ನು ಬದಲಿಸುವಂತಿಲ್ಲ. ಅಳತೆ ಹೊಂದುವ ಹೊಸದೇ ಸರಿ.

ಹಾಗಾದರೆ ಮೂಲದ್ದೇ ಬೇಕಾದ್ದು ಯಾವುದು? ಉಕ್ಕಿನ ಕಂಬ, ಕಂಚಿನ ಟ್ರನಿಯನ್, ವಿಶ್‌ಬೋನ್, ಹಿಂದಿನ ರೇಡಿಯಸ್ ಆರ್ಮ್ (ಹಿಂದಿನ ಚಕ್ರ ಹಿಂದುಮುಂದಾಗದಂತೆ ಹಿಡಿಯುವ ತೋಳು). ಇವು ಲೋಹದ, ಜೀವ ಹಿಡಿದಿರುವ ಭಾಗ. ಸ್ಟ್ಯಾಂಡರ್ಡ್ ಟ್ರಯಂಫ್ ಕಂಪನಿಯ ಬಿಡಿಭಾಗಗಳು ಸ್ಟ್ಯಾನ್‌ಪಾರ್ಟ್ ಎಂಬ ಹೆಸರಿನ ಡಬ್ಬಿಯಲ್ಲಿ, ಸಾಮಾನ್ಯವಾಗಿ ಆರಂಕಿಯ ಸಂಖ್ಯೆಯೊಂದಿಗೆ ಬರುತ್ತಿದ್ದವು. ಬ್ರಿಟಿಷ್ ಲೇಲ್ಯಾಂಡ್ ಕಾಲದಲ್ಲಿ ಸಂಖ್ಯೆಯ ಮುಂದೆ ಅಕ್ಷರಗಳು ಸೇರಿಕೊಂಡವು. ಒಂದೇ ಭಾಗಕ್ಕೆ ಎರಡು ಸಂಖ್ಯೆ ಕಂಡರೆ ಗಾಬರಿ ಬೇಡ, ಪಾರ್ಟ್ಸ್ ಕ್ಯಾಟಲಾಗಿನಲ್ಲಿ ಎರಡನ್ನೂ ಗುರುತಿಸಿಟ್ಟುಕೊಳ್ಳಿ. ಸ್ಟೀರಿಂಗ್ ಮತ್ತು ಮುಂದಿನ ಸಸ್ಪೆನ್ಷನ್ ಭಾಗಗಳನ್ನು ಮಾಡಿಕೊಡುತ್ತಿದ್ದುದು ಆಲ್ಫರ್ಡ್ ಅಂಡ್ ಆಲ್ಡರ್ ಎಂಬ ಕಂಪನಿ. ಆ ಹೆಸರು ಕಂಡರೆ ಕೈಯಲ್ಲಿ ಹಿಡಿದು ನೋಡಲು ಯೋಗ್ಯವಾದ ಮಾಲು ಎಂದು ತಿಳಿಯಿರಿ.

ಈಗ ಹುಡುಕಾಟ

ಗುಜರಿಯವರಿಗೆ ಸಂಖ್ಯೆ ಹೇಳಿ ಪ್ರಯೋಜನವಿಲ್ಲ. ಅವರ ಕೈಗೆ ನೆನಪಿದೆ, ಕಾಗದಕ್ಕಿಲ್ಲ. ಹಳೆಯ ಭಾಗವನ್ನು ತೊಳೆದು, ಗೋಣಿಚೀಲದಲ್ಲಿ ಸುತ್ತಿ, ಜೊತೆಗೆ ಕೊಂಡೊಯ್ಯಿರಿ. ಮೇಜಿನ ಮೇಲೆ ಇಟ್ಟು ಸುಮ್ಮನೆ ನಿಲ್ಲಿ. ಬಾಯಿ ಬಿಡಲೇಬೇಕಾದರೆ "ಸ್ಟ್ಯಾಂಡರ್ಡ್ ಹೆರಾಲ್ಡ್" ಎನ್ನಿ. ಸ್ಪೋರ್ಟ್ಸ್ ಕಾರು ಎಂದಿರೋ, ಇಲ್ಲ ಎಂಬ ಉತ್ತರ ಬರುತ್ತದೆ ಅಥವಾ ಬೆಲೆ ಮೂರು ಪಟ್ಟಾಗುತ್ತದೆ.

ಮೈಸೂರಿನಲ್ಲಿ ನಾನು ಅಂಗಡಿಗಳಿಗಿಂತ ಹೆಚ್ಚಾಗಿ ಜನರನ್ನು ಹುಡುಕಿದೆ. ನಿವೃತ್ತ ಮೆಕ್ಯಾನಿಕ್‌ಗಳು, ಹಳೆಯ ಮನೆಗಳನ್ನು ಮಾರುತ್ತಿರುವವರು, ಅಜ್ಜನ ಹೆರಾಲ್ಡನ್ನು ಎಂದೋ ತೂಕಕ್ಕೆ ಹಾಕಿ ಅದರ ಬಿಡಿಭಾಗದ ಪೆಟ್ಟಿಗೆಯನ್ನು ಮರೆತವರು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇದ್ದ ಊರಿದು. ಅಲ್ಲಿ ದುಡಿದವರಲ್ಲಿ ಲೋಹವನ್ನು ಬೆರಳಲ್ಲೇ ಓದಬಲ್ಲವರಿದ್ದಾರೆ, ಯಾರ ಮನೆಯ ಶೆಡ್ಡಿನಲ್ಲಿ ಏನಿದೆ ಎಂಬುದೂ ಅವರಿಗೆ ಗೊತ್ತಿರುತ್ತದೆ. ನನ್ನ ಬಲಬದಿಯ ಟ್ರನಿಯನ್ ಸಿಕ್ಕಿದ್ದು ಅಂಥವರೊಬ್ಬರ ಮಾತಿನಿಂದ, ಒಂಟಿಕೊಪ್ಪಲಿನ ಒಂದು ಮನೆಯ ಸೌದೆ ಕೋಣೆಯಲ್ಲಿ. ಮನೆಯ ಅಜ್ಜಿ ಅದನ್ನು ಕಾಗದ ಹಾರದಂತೆ ಇಡುವ ಗುಂಡೆಂದು ಬಳಸುತ್ತಿದ್ದರು. ಹಣ ಬೇಡವೆಂದರು, ಬದಲಿಗೆ ಗುಂಡೊಂದು ಬೇಕು ಎಂದರು. ಚಂದದ ಹಿತ್ತಾಳೆಯ ಒಂದು ಗಂಟೆ ಕೊಟ್ಟು ಬಂದೆ.

ಇಲ್ಲಿ ಮುಗಿದರೆ ಬೆಂಗಳೂರಿನ ಜೆ.ಸಿ. ರಸ್ತೆ. ಅಲ್ಲಿ ಹಳೆಯ ಕಾಲದ ಅಂಗಡಿಗಳನ್ನು ಆರಿಸಿ, ಕೌಂಟರಿನಲ್ಲಿರುವ ಹುಡುಗನನ್ನು ಬಿಟ್ಟು ಒಳಗೆ ಕೂತ ಹಿರಿಯರನ್ನು ಮಾತನಾಡಿಸಿ. ಅದಕ್ಕೂ ಮೀರಿದರೆ ಚೆನ್ನೈನ ಪುದುಪೇಟೆ. ಕಾರು ಹುಟ್ಟಿದ ಊರಾದ್ದರಿಂದ ಹೆರಾಲ್ಡಿನ ಮಾಲು ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು. ತಮಿಳು ಬಲ್ಲ ಸ್ನೇಹಿತರೊಬ್ಬರು ಜೊತೆಗಿದ್ದರೆ ರೈಲು ಖರ್ಚು ಚೌಕಾಶಿಯಲ್ಲೇ ಹುಟ್ಟುತ್ತದೆ. ಶ್ರೀರಂಗಪಟ್ಟಣದ ಹತ್ತಿರದ ಪಯಣ ಕಾರು ಸಂಗ್ರಹಾಲಯಕ್ಕೂ ಒಮ್ಮೆ ಹೋಗಿ ಬನ್ನಿ. ಭಾಗ ಸಿಗುವುದಿಲ್ಲ, ಹಳೆಯ ಕಾರಿನ ಹುಚ್ಚಿರುವ ಜನ ಸಿಗುತ್ತಾರೆ.

ನಂಟಸ್ತಿಕೆಗೂ ಮಿತಿಯಿದೆ. ಟ್ರನಿಯನ್, ಮೇಲಿನ ಬಾಲ್ ಜಾಯಿಂಟ್, ವಿಶ್‌ಬೋನ್ ಬುಶ್‌ಗಳ ವಿಷಯದಲ್ಲಿ ಹೆರಾಲ್ಡನ್ನು ಧೈರ್ಯವಾಗಿ ನೋಡಬಹುದು. ಉಕ್ಕಿನ ಕಂಬ ಕೊಳ್ಳುವಾಗ ಅದು ಡ್ರಮ್ ಬ್ರೇಕಿನದೋ ಡಿಸ್ಕ್ ಬ್ರೇಕಿನದೋ ನೋಡಿ. ಸ್ಪಿಟ್‌ಫೈರಿನ ಮುಂದೆ ಇರುವುದು ಡಿಸ್ಕ್. ಸ್ಪ್ರಿಂಗುಗಳು ಮಾತ್ರ ಅದಲುಬದಲಿಗೆ ಬರುವುದಿಲ್ಲ, ನಾಲ್ಕು ಜನ ಕೂರುವ ಕಾರಿನ ತೂಕವೇ ಬೇರೆ. 1972ರಲ್ಲಿ ಬಂದ ಸ್ಟ್ಯಾಂಡರ್ಡ್ ಗೆಜೆಲ್ ಸಿಕ್ಕರೆ ಹಿಂಬದಿಯನ್ನು ಮುಟ್ಟಬೇಡಿ, ಅದಕ್ಕೆ ಹಾಕಿದ್ದು ಗಟ್ಟಿ ಆಕ್ಸಲ್. ಯಾವುದನ್ನೂ ವರ್ನಿಯರ್ ಹಿಡಿದು ಅಳೆಯದೆ ನಂಬಬಾರದು. ದೂರದ ಊರಿನಿಂದ ತರಿಸುವುದಾದರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಚಿತ್ರ, ಥ್ರೆಡ್ಡಿನ ಹತ್ತಿರದ ಚಿತ್ರ, ಎರಕದ ಗುರುತಿನ ಚಿತ್ರ ಈ ಮೂರನ್ನು ಕೇಳಿ. ಕೊಡಲು ಹಿಂಜರಿದರೆ ಅಲ್ಲಿಗೆ ಬಿಡಿ.

ಕೊಂಡ ಮೇಲೆ, ಹಾಕುವ ಮುನ್ನ

ಬಳಸಿದ ಉಕ್ಕಿನ ಕಂಬವನ್ನು ಬಿರುಕಿನ ಪರೀಕ್ಷೆ ಮಾಡದೆ ಕಾರಿಗೆ ಹಾಕಬೇಡಿ. ಇದರಲ್ಲಿ ರಾಜಿಯ ಮಾತೇ ಇಲ್ಲ. ಮೂರು ಡಬ್ಬಿಗಳ ಡೈ ಪೆನೆಟ್ರೆಂಟ್ ಕಿಟ್ ಕೈಗಾರಿಕಾ ಸಾಮಗ್ರಿಯ ಅಂಗಡಿಗಳಲ್ಲಿ ದೊರೆಯುತ್ತದೆ. ಮೊದಲ ಡಬ್ಬಿಯಿಂದ ತೊಳೆದು, ಎರಡನೆಯದರ ಕೆಂಪು ದ್ರವ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೂರನೆಯದರ ಬಿಳಿ ಪುಡಿ ಹೊಡೆಯಬೇಕು. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಥ್ರೆಡ್ ಮುಗಿಯುವ ಜಾಗದಲ್ಲಿ ವಿಶೇಷವಾಗಿ ನೋಡಿ. ಸ್ವಂತ ಕೈಯಲ್ಲಿ ನಂಬಿಕೆ ಇಲ್ಲದಿದ್ದರೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ವಿಚಾರಿಸಿ, ಕಾಂತೀಯ ಪರೀಕ್ಷೆ ಮಾಡುವವರಿದ್ದರೆ ಇನ್ನೂ ಒಳ್ಳೆಯದು. ಕೆಂಪು ಗೆರೆ ಕಂಡರೆ ಬೆಸುಗೆಯ ಯೋಚನೆಯನ್ನೇ ಮಾಡಬೇಡಿ. ಆ ಕಂಬವನ್ನು ಮತ್ತೊಬ್ಬರ ಕೈಗೆ ಸಿಗದಂತೆ ಎರಡು ತುಂಡು ಮಾಡಿ ಗುಜರಿಗೆ ಹಾಕಿ.

ಮಂಡ್ಯದ ಲೇತ್ ಅಂಗಡಿಗಳ ವಿಷಯಕ್ಕೆ ಬರುತ್ತೇನೆ. 1933ರಿಂದ ಸಕ್ಕರೆ ಕಾರ್ಖಾನೆ ಇರುವ, ಸುತ್ತ ಆಲೆಮನೆಗಳಿರುವ ಜಿಲ್ಲೆ. ಕಬ್ಬಿನ ಗಾಣದ ಗನ್‌ಮೆಟಲ್ ಬುಶ್ ಕಡೆದು ಕಡೆದು ಅಲ್ಲಿಯ ಲೇತಿನವರ ಕೈ ಪಳಗಿದೆ. ಉಕ್ಕಿನ ತೋಳುಕೊಳವೆ, ವಾಷರು, ರ‍್ಯಾಕ್ ಹಿಡಿಯುವ ಬ್ರಾಕೆಟ್ಟು, ಹಳೆಯ ಬುಶ್ ಒತ್ತಿ ತೆಗೆಯುವ ಸಾಧನ ಇವನ್ನೆಲ್ಲ ಅವರಿಂದ ಮಾಡಿಸಿಕೊಂಡಿದ್ದೇನೆ, ಒಂದೂ ಕೈಕೊಟ್ಟಿಲ್ಲ. ಆದರೆ ಟ್ರನಿಯನ್ನನ್ನೇ ಕಡೆಸುವ ಆಸೆ ನನಗೂ ಬಂದಿತ್ತು. ನನ್ನನ್ನು ತಡೆದವರು ಅಲ್ಲಿಯ ಲೇತ್ ಮಾಲೀಕರೇ. "ಗಾಣದ ಬುಶ್ ಸವೆದರೆ ರಸ ಸೋರುತ್ತದೆ, ನಾಳೆ ಬದಲಿಸಬಹುದು. ಇದು ಸವೆದರೆ ನೀವೇ ಇರುವುದಿಲ್ಲವಲ್ಲ ಸ್ವಾಮಿ" ಎಂದು ತುಂಡನ್ನು ವಾಪಸ್ ಕೈಗಿಟ್ಟರು. ಯಾವ ಮಿಶ್ರಲೋಹ, ಎಷ್ಟು ಗಟ್ಟಿ ಎಂಬುದು ತಿಳಿಯದೆ ಅಂಥ ಭಾಗ ಮಾಡಬಾರದು ಎಂಬ ಅವರ ನಿಲುವಿಗೆ ನನ್ನ ಪೂರ್ತಿ ಒಪ್ಪಿಗೆಯಿದೆ.

ಲೀಫ್ ಸ್ಪ್ರಿಂಗು ಇನ್ನೊಂದು ಆಮಿಷ. ಲಾರಿಯ ಕಮಾನು ಪಟ್ಟಿ ಸರಿಮಾಡುವವರು ನಮ್ಮ ಹೆದ್ದಾರಿಗಳ ಬದಿಯಲ್ಲಿ ಧಾರಾಳವಾಗಿದ್ದಾರೆ. ಒಬ್ಬರ ಬಳಿ ನನ್ನದನ್ನು ಬಡಿಸಿ ಬಾಗಿಸಿಕೊಂಡೆ. ಮೊದಲ ದಿನ ಹಿಂಬದಿ ಹೆಮ್ಮೆಯಿಂದ ಎದ್ದು ನಿಂತಿತ್ತು, ವರ್ಷ ತುಂಬುವ ಮೊದಲೇ ಕುಸಿಯಿತು. ಟನ್ನುಗಟ್ಟಲೆ ಹೊರುವ ದಪ್ಪ ಪಟ್ಟಿಯ ಕೆಲಸ ಬೇರೆ, ಈ ತೆಳು ಪಟ್ಟಿಯ ಹದ ಬೇರೆ. ಸ್ಪ್ರಿಂಗನ್ನು ಹೊಸದಾಗಿ ತರಿಸುವುದೇ ಲೇಸು. ಹಳೆಯದರಲ್ಲಿ ಉಳಿಸಿಕೊಳ್ಳಬೇಕಾದ್ದೇನಾದರೂ ಇದ್ದರೆ ಕಟ್ಟುವ ಪಟ್ಟಿ ಮತ್ತು ಬೋಲ್ಟುಗಳು.

ಹೊರದೇಶದಿಂದ ತರಿಸುವುದು

ಇಲ್ಲಿ ಸಿಗದದ್ದಕ್ಕೆ ಇಂಗ್ಲೆಂಡಿನ ರಿಮ್ಮರ್ ಬ್ರದರ್ಸ್, ಟ್ರಯಂಫ್ ಕಾರುಗಳಿಗೇ ಮೀಸಲಾದ ಕ್ಯಾನ್ಲಿ ಕ್ಲಾಸಿಕ್ಸ್ ಇವೆ. 1977ರಲ್ಲಿ ಶುರುವಾದ ಟ್ರಯಂಫ್ ಸ್ಪೋರ್ಟ್ಸ್ ಸಿಕ್ಸ್ ಕ್ಲಬ್ಬಿಗೆ ಹೆರಾಲ್ಡ್ ಮತ್ತು ಸ್ಪಿಟ್‌ಫೈರ್ ಎರಡೂ ಸೇರುತ್ತವೆ. ಸದಸ್ಯರಾದರೆ ಯಾವ ತಯಾರಿಕೆ ಒಳ್ಳೆಯದು, ಯಾವುದು ಬೇಗ ಹಾಳಾಗುತ್ತದೆ ಎಂಬ ನೇರವಾದ ಮಾತು ಕೇಳಲು ಸಿಗುತ್ತದೆ, ಚಂದಾ ಹಣಕ್ಕೆ ಅಷ್ಟೇ ಸಾಕು. ಬಳಸಿದ ಭಾಗಗಳನ್ನು ಅಲ್ಲಿಂದ ತರಿಸಬೇಡಿ. ಹಳೆಯ ಸರಕಿನ ಆಮದಿಗೆ ನಮ್ಮಲ್ಲಿ ನಿರ್ಬಂಧವಿದೆ, ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಭಾಗಕ್ಕಿಂತ ಓಡಾಟವೇ ದುಬಾರಿ. ಹೊಸದಕ್ಕೂ ಸುಂಕ, ಅದರ ಮೇಲೆ ಜಿಎಸ್‌ಟಿ ಬೀಳುತ್ತದೆ. ತೂಕದ ಸ್ಪ್ರಿಂಗಿಗೆ ಸಾಗಣೆಯ ಖರ್ಚೇ ಬೆಲೆಯನ್ನು ಮೀರಬಹುದು. ಒಂದೊಂದಾಗಿ ತರಿಸದೆ ಪಟ್ಟಿ ಪೂರ್ತಿಯಾದ ಮೇಲೆ ಒಮ್ಮೆಲೇ ತರಿಸಿ.

ಜೋಡಿಸುವಾಗ

ಈ ಕಾರಿನ ಬೋಲ್ಟುಗಳು ಇಂಚಿನ ಲೆಕ್ಕ, ಹೆಚ್ಚಿನವು ಯುಎನ್‌ಎಫ್ ಎಂಬ ಸಣ್ಣ ಹಲ್ಲಿನ ಥ್ರೆಡ್. ಮಿಲಿಮೀಟರ್ ಸ್ಪ್ಯಾನರ್ ಹಾಕಿದರೆ ಮೂಲೆ ಸವೆಯುತ್ತದೆ. ಅಂಬಾಸಡರ್ ಮತ್ತು ಹಳೆಯ ಜೀಪು ನೋಡಿಕೊಳ್ಳುವವರ ಬಳಿ ಸರಿಯಾದ ಸ್ಪ್ಯಾನರೂ ಇರುತ್ತದೆ, ಬೋಲ್ಟಿನ ವಿಳಾಸವೂ ಇರುತ್ತದೆ. ತಲೆಯ ಮೇಲೆ ಯಾವ ಗುರುತೂ ಇಲ್ಲದ ಬೋಲ್ಟನ್ನು ಸಸ್ಪೆನ್ಷನ್ನಿಗೆ ಹಾಕಬೇಡಿ.

ಮುಂದಿನ ಕಾಯಿಲ್ ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಬಿಚ್ಚಲು ಹೋದವರ ಗಾಯದ ಗುರುತುಗಳನ್ನು ನೋಡಿದ್ದೇನೆ. ಹಗ್ಗ, ತಂತಿ, ಇಬ್ಬರು ಗಟ್ಟಿಮುಟ್ಟಾದ ಹುಡುಗರು, ಇವು ಯಾವುವೂ ಕಂಪ್ರೆಸರಿಗೆ ಸಾಟಿಯಲ್ಲ. ಟ್ರನಿಯನ್ನನ್ನು ಕಂಬಕ್ಕೆ ತುದಿಯವರೆಗೂ ತಿರುಗಿಸಿ, ಆಮೇಲೆ ಸ್ಟೀರಿಂಗ್ ಎರಡೂ ಬದಿಗೆ ಪೂರ್ತಿ ತಿರುಗುವಷ್ಟು ಹಿಂದಕ್ಕೆ ಬಿಡಿ. ಹಿಂದಕ್ಕೆ ಬಿಡದೆ ಜೋಡಿಸಿದರೆ ಮೊದಲ ತಿರುವಿನಲ್ಲೇ ಬಿಗಿದುಕೊಳ್ಳುತ್ತದೆ. ಕೆಳಗಿನ ವಿಶ್‌ಬೋನ್ ಚಾಸಿಗೆ ಕೂರುವಲ್ಲಿ ತೆಳು ತಗಡಿನ ಶಿಮ್‌ಗಳಿದ್ದರೆ ಎಷ್ಟು, ಯಾವ ಬದಿಯಲ್ಲಿ ಎಂದು ಬರೆದಿಟ್ಟು ಅಷ್ಟನ್ನೇ ವಾಪಸ್ ಹಾಕಿ. ಚಕ್ರದ ವಾಲಿಕೆ ನಿಂತಿರುವುದು ಅವುಗಳ ಮೇಲೆ. ರಬ್ಬರ್ ಬುಶ್ಶಿನ ಬೋಲ್ಟುಗಳನ್ನು ಕಾರು ಜಾಕಿಯ ಮೇಲಿದ್ದಾಗ ಕೈಬಿಗಿ ಮಾತ್ರ ಮಾಡಿ. ನಾಲ್ಕೂ ಚಕ್ರ ನೆಲಕ್ಕೂರಿ, ಸೀಟಿನಲ್ಲಿ ಇಬ್ಬರು ಕೂತ ಮೇಲೆ ಕೊನೆಯ ಬಿಗಿ. ಇಲ್ಲವಾದರೆ ಬುಶ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆ ಇಬ್ಬರನ್ನು ಹುಡುಕುವುದು ಕಷ್ಟವೇನಲ್ಲ. ಈ ಕಾರಿನ ಬಾನೆಟ್ ತೆರೆದರೆ ನಮ್ಮ ಬೀದಿಯಲ್ಲಿ ಹತ್ತು ಜನ ಸೇರುತ್ತಾರೆ.

ಮೊದಲ ನೂರು ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿದು ನೋಡಿ, ಹಿಂದೆ ಬರೆದಿಟ್ಟ ಅಳತೆಯೊಂದಿಗೆ ಎತ್ತರ ಹೋಲಿಸಿ. ಟ್ರನಿಯನ್ನಿಗೆ ಎಣ್ಣೆ ಹಾಕಲು ಕಂಪನಿಯ ಪುಸ್ತಕ 6,000 ಮೈಲಿಗೊಮ್ಮೆ ಎನ್ನುತ್ತದೆ. ನಮ್ಮಂಥವರ ಕಾರು ವರ್ಷಕ್ಕೆ ಅಷ್ಟು ಓಡುವುದೇ ಇಲ್ಲ. ನಾನು ಮುಂಗಾರಿಗೆ ಮೊದಲೊಮ್ಮೆ, ದಸರೆ ಮುಗಿದ ಮೇಲೊಮ್ಮೆ ಎಣ್ಣೆ ಗನ್ನಿನಿಂದ ಹಾಕುತ್ತೇನೆ, ಹಳೆಯ ಎಣ್ಣೆ ಹೊರಗೆ ಒಸರುವವರೆಗೆ. ನಿಪ್ಪಲಿನ ಪಕ್ಕದಲ್ಲಿ ಬಿಳಿ ಬಣ್ಣದಿಂದ "ಎಣ್ಣೆ ಮಾತ್ರ" ಎಂದು ಕನ್ನಡದಲ್ಲಿ ಬರೆಸಿದ್ದೇನೆ, ಗ್ರೀಸ್ ಗನ್ ಹಿಡಿದವರು ಓದಿಕೊಳ್ಳಲಿ ಎಂದು.

ಮಂಡಿ ಮೊಹಲ್ಲಾದ ಹಿರಿಯರು ಹೋದ ವಾರ ಫೋನು ಮಾಡಿದ್ದರು. ಪಾಂಡವಪುರದ ಕಡೆಯವರೊಬ್ಬರು ಸ್ಟ್ಯಾಂಡರ್ಡ್ ಹೆರಾಲ್ಡ್ ಎಬ್ಬಿಸಿ ನಿಲ್ಲಿಸುತ್ತಿದ್ದಾರಂತೆ, ಎಡಬದಿಯ ಟ್ರನಿಯನ್ ಸಿಗುತ್ತಿಲ್ಲವಂತೆ. ಇಂಗ್ಲೆಂಡಿನಿಂದ ತರಿಸಿದ್ದರಲ್ಲಿ ಒಂದು ಹೆಚ್ಚಿಗೆ ಉಳಿದಿದೆ. ಎಣ್ಣೆ ಕಾಗದ ಸುತ್ತಿ, ಯಾವ ಬದಿಯದೆಂದು ಚೀಟಿ ಕಟ್ಟಿ ಇಟ್ಟಿದ್ದೇನೆ. ಭಾನುವಾರ ಬಂದು ಒಯ್ಯುತ್ತಾರೆ.